ಕಲ್ದಾರ್ ಪೆಟ್ರೋಲು

ಸಿಂಧನೂರಿನಲ್ಲಿ ಒಂದು ಕಾಲಕ್ಕೆ ಎರಡು ಜಾತಿಯ ಪೆಟ್ರೋಲು ಸಿಗುತ್ತಿತ್ತು. ಒಂದು ಹಾಲಿ ಪೆಟ್ರೋಲು, ಇನ್ನೊಂದು ಕಲ್ದಾರ್ ಪೆಟ್ರೋಲು. ಈಗ ಹೇಳಿದರೆ ನಂಬುವವರು ಕಡಿಮೆ. ಊರಿನಲ್ಲಿ ಬಾಡಿಗೆಗೆ ಓಡುವ ಮೋಟಾರುಗಳಿದ್ದದ್ದೇ ಎರಡು; ಒಂದು ಹಾಲಿ ಕುಡಿಯುತ್ತಿತ್ತು, ಇನ್ನೊಂದು ಕಲ್ದಾರ್ ಕುಡಿಯುತ್ತಿತ್ತು. ಹೀಗಾಗಿ ಊರೂ ಎರಡು ಪಕ್ಷವಾಗಿತ್ತು. ಮೋಟಾರಿನ ಗಾಲಿಯನ್ನು ಮುಟ್ಟಿಯೂ ನೋಡದವರು ಚಹಾದ ಅಂಗಡಿಯಲ್ಲಿ ಕುಳಿತು ಈ ವಿಷಯಕ್ಕೆ ಗಂಟಲು ಹರಿದುಕೊಳ್ಳುತ್ತಿದ್ದರು. ಅವರಿಗೆ ಬೇರೆ ಕೆಲಸವಿರಲಿಲ್ಲ ಅಂತಲ್ಲ. ಇದ್ದ ಕೆಲಸಕ್ಕಿಂತ ಇದು ರುಚಿಯಾಗಿತ್ತು.

ಕಲ್ದಾರ್ ಕುಡಿಯುವ ಮೋಟಾರು ಅಮರಗುಂಡಪ್ಪನದು. ಯಾರೋ ದೇಸಾಯಿಯವರ ಹಿತ್ತಲಿನಲ್ಲಿ ಕೋಳಿಗಳು ಮೊಟ್ಟೆಯಿಡಲು ಬಳಸುತ್ತಿದ್ದ ಹಳೆಯ ಮೋಟಾರನ್ನು ಅವನು ಅಗ್ಗಕ್ಕೆ ಕೊಂಡು, ತಾನೇ ರಿಪೇರಿ ಮಾಡಿ, ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಸರ್ವಿಸು ಬಿಟ್ಟಿದ್ದ. ಅದರಲ್ಲಿ ಎಷ್ಟು ಜನ ಕೂಡಬೇಕು, ಎಷ್ಟು ಜನ ಕೂಡುತ್ತಿದ್ದರು ಎಂಬುದನ್ನು ಪೊಲೀಸರು ಕೇಳುತ್ತಿರಲಿಲ್ಲ, ನಾವೂ ಕೇಳುವುದು ಬೇಡ. ಪೆಟ್ರೋಲಿನ ಟಾಕಿ ಮುಂದಿನ ಸೀಟಿನ ಕೆಳಗೇ ಇತ್ತು. ಪೆಟ್ರೋಲು ಹಾಕಬೇಕಾದರೆ ಮುಂದೆ ಕೂತವರು ಎದ್ದು, ಸೀಟು ಎತ್ತಿ ಪಕ್ಕಕ್ಕಿಡಬೇಕು. ಸಪಾಟು ರಸ್ತೆಯಲ್ಲಿ ಮೋಟಾರು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಮಸ್ಕಿಯ ಹಳ್ಳ ದಾಟಿದ ಮೇಲೆ ಲಿಂಗಸುಗೂರಿನ ಕಡೆಗೆ ಒಂದು ಏರು ಇತ್ತು. ಅದರ ಅರ್ಧಕ್ಕೆ ಬಂದ ಕೂಡಲೇ ಮೋಟಾರು ನಾಲ್ಕು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಜನ ಇಳಿಯುತ್ತಿದ್ದರು. ಗಟ್ಟಿ ಇದ್ದವರು ದೂಡುತ್ತಿದ್ದರು, ಉಳಿದವರು ಗಂಟುಮೂಟೆ ಹೊತ್ತು ಮೇಲಿನ ಬೇವಿನ ಮರದವರೆಗೆ ನಡೆಯುತ್ತಿದ್ದರು. ಕೊಟ್ಟ ಬಾಡಿಗೆಯಲ್ಲಿ ಅಷ್ಟು ನಡಿಗೆಯೂ ಸೇರಿದೆ ಎಂದು ಜನ ಒಪ್ಪಿಕೊಂಡುಬಿಟ್ಟಿದ್ದರು.

ಒಪ್ಪಿಕೊಳ್ಳದವಳು ಒಬ್ಬಳೇ, ಅವನ ಹೆಂಡತಿ ಶೇಖರಮ್ಮ. ಅವಳ ತವರು ಲಿಂಗಸುಗೂರು. ಮದುವೆಯಾದ ವರ್ಷ ಪಂಚಮಿಗೆ ಅಮರಗುಂಡಪ್ಪ ಅವಳನ್ನು ತನ್ನ ಮೋಟಾರಿನಲ್ಲೇ ತವರಿಗೆ ಹೊರಡಿಸಿದ. ಹೊಸ ಇಳಕಲ್ ಸೀರೆ ಉಟ್ಟು, ಗಂಡನ ಪಕ್ಕ ಮುಂದಿನ ಸೀಟಿನಲ್ಲಿ ಕೂತು, ಮೋಟಾರಿನ ಸಾಹುಕಾರನ ಹೆಂಡತಿ ಎಂಬ ಗತ್ತಿನಲ್ಲಿ ಮಸ್ಕಿಯ ತನಕ ಬಂದಳು. ಏರಿನಲ್ಲಿ ಮೋಟಾರು ನಿಂತಿತು. ಎಲ್ಲರೂ ಇಳಿದರು. ಅಮರಗುಂಡಪ್ಪ ಇವಳ ಕಡೆ ತಿರುಗಿಯೂ ನೋಡದೆ ಉಳಿದವರಿಗೆ ಹೇಳಿದ ದನಿಯಲ್ಲೇ ನೀನೂ ಇಳಿ, ಭಾರ ಆಗತೈತಿ ಅಂದ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಹೊಲದಲ್ಲಿದ್ದ ಹೆಂಗಸರು ಕಳೆ ತೆಗೆಯುವುದು ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಶೇಖರಮ್ಮ ಸೀರೆ ಎತ್ತಿ ಹಿಡಿದು ಏರು ಹತ್ತಿದಳು. ಅಂದಿನಿಂದ ಆ ಮೋಟಾರು ಹತ್ತಲಿಲ್ಲ.

"ನನ್ನ ಇಳಿ ಅನ್ನೂ ಮೋಟಾರ್ ನನಗ ಬ್ಯಾಡ್ರಿ. ಆ ಏರ ನಾ ಕುಂತಂಗ ಹತ್ತತೈತಿ ಅಂದ್ರ ಹೇಳ್ರಿ, ಆವಾಗ ಬರ್ತೀನಿ" ಅಂದಿದ್ದಳು.

ಇದರಲ್ಲಿ ಎರಡು ಮಾತುಗಳಿವೆ. ಗಂಡಸರ ರೂಢಿಯಂತೆ ಅಮರಗುಂಡಪ್ಪ ಎರಡನೆಯದನ್ನು ಮಾತ್ರ ಕೇಳಿಸಿಕೊಂಡ. ತಪ್ಪು ಮೋಟಾರಿನದು, ಮೋಟಾರು ಸರಿ ಮಾಡಿದರೆ ಆಯಿತು ಅಂತ ತಿಳಿದ. ಕೊಳವೆ ಊದಿದ, ಪ್ಲಗ್ಗು ಬದಲಿಸಿದ, ದೇವರಿಗೆ ಕಾಯಿ ಒಡೆದ. ಏರಿಗೆ ಬಂದರೆ ಅದೇ ಕೆಮ್ಮು, ಅದೇ ನಿಲುಗಡೆ. ಅತ್ತ ಶೇಖರಮ್ಮ ತವರಿಗೆ ಹೋಗುವಾಗಲೆಲ್ಲ ಇನ್ನೊಂದು ಮೋಟಾರಿನಲ್ಲಿ, ಅಂದರೆ ಮಕ್ತುಮ್‌ಸಾಬನ ಮೋಟಾರಿನಲ್ಲಿ ಹೋಗುತ್ತಿದ್ದಳು. ಅದು ಹೊಸದು, ಏರನ್ನು ಏರು ಅಂತಲೇ ಎಣಿಸುತ್ತಿರಲಿಲ್ಲ. ಅಮರಗುಂಡಪ್ಪನ ಹೆಂಡತಿ ಮಕ್ತುಮ್‌ಸಾಬನಿಗೆ ಬಾಡಿಗೆ ಕೊಟ್ಟು ತವರಿಗೆ ಹೋಗುತ್ತಾಳೆ ಎಂಬುದು ಮೂರೂ ಊರುಗಳಲ್ಲಿ ನಗೆಯ ಮಾತಾಗಿತ್ತು. ಮಕ್ತುಮ್‌ಸಾಬ್ ಒಳ್ಳೆಯವನು, ನಗುತ್ತಿರಲಿಲ್ಲ. ಅದು ಅಮರಗುಂಡಪ್ಪನಿಗೆ ಇನ್ನೂ ಉರಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಊರಿಗೆ ಕಲ್ದಾರ್ ಪೆಟ್ರೋಲು ಬಂತು. ಅದು ಬಂದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಜಾಮರ ಆಳ್ವಿಕೆ ಮುಗಿದು ವರ್ಷಗಳಾಗಿದ್ದರೂ ಅವರ ರೂಪಾಯಿ ನಮ್ಮ ಸೀಮೆ ಬಿಟ್ಟು ಹೋಗಿರಲಿಲ್ಲ. ಅದಕ್ಕೆ ಹಾಲಿ ಸಿಕ್ಕಾ ಅನ್ನುತ್ತಿದ್ದರು. ಹೊಳೆಯಾಚೆ ಬಳ್ಳಾರಿ ಸೀಮೆಯಲ್ಲಿ ನಡೆಯುವ ರೂಪಾಯಿಗೆ ಕಲ್ದಾರ್ ಅನ್ನುತ್ತಿದ್ದರು. ಕಲ್ದಾರಿಗೆ ತೂಕ ಹೆಚ್ಚು. ಒಂದು ಕಲ್ದಾರ್ ರೂಪಾಯಿ ಬೇಕಾದರೆ ಒಂದು ಹಾಲಿ ರೂಪಾಯಿಯ ಮೇಲೆ ಎರಡಾಣೆಗಿಂತ ಹೆಚ್ಚೇ ಬಟ್ಟಾ ಕೊಡಬೇಕು. ಸಂತೆಯಲ್ಲಿ ಬೆಲೆ ಕೇಳಿದವರು ಹಾಲಿಯೋ ಕಲ್ದಾರೋ ಅಂತ ಮತ್ತೆ ಕೇಳಬೇಕಾದ ಕಾಲ ಅದು.

ಊರಿಗೆಲ್ಲ ಪೆಟ್ರೋಲು ಮಾರುತ್ತಿದ್ದವನು ದೊಡ್ಡಬಸಪ್ಪ ಸಾಹುಕಾರ. ಅವನಿಗೆ ರಾಯಚೂರಿನಿಂದ ಪೀಪಾಯಿಗಳು ಬರುತ್ತಿದ್ದವು. ತುಂಗಭದ್ರೆಯ ಕಾಲುವೆಯ ಕೆಲಸ ಶುರುವಾಗಿ ಇಂಜಿನಿಯರುಗಳ ಜೀಪುಗಳು ಹೆಚ್ಚಾದ ಮೇಲೆ ರಾಯಚೂರಿನ ಮಾಲು ಸಾಲದಾಯಿತು. ಸಾಹುಕಾರ ಹೊಳೆಯಾಚೆಯಿಂದ ಪೀಪಾಯಿಗಳನ್ನು ಕೊಂಡು, ಹರಿಗೋಲಿನಲ್ಲಿ ದಾಟಿಸಿ, ಗಾಡಿಯ ಮೇಲೆ ತರಿಸತೊಡಗಿದ. ಆಚೆ ಹಾಲಿ ರೂಪಾಯಿ ನಡೆಯುವುದಿಲ್ಲ. ಅವನು ಕೊಟ್ಟದ್ದು ಕಲ್ದಾರ್. ಆದ್ದರಿಂದ ಈಚೆ ಮಾರುವಾಗ ರಾಯಚೂರಿನ ಮಾಲಿನಷ್ಟೇ ರೂಪಾಯಿ ಹೇಳಿದರೂ, ಅವು ಕಲ್ದಾರೇ ಆಗಬೇಕು ಅಂದ. ಲೆಕ್ಕ ತಪ್ಪದಿರಲಿ ಅಂತ ಪೀಪಾಯಿಗಳ ಮೇಲೆ ಸುಣ್ಣದ ಕಡ್ಡಿಯಿಂದ ಕೆಲವಕ್ಕೆ 'ಹ', ಕೆಲವಕ್ಕೆ 'ಕ' ಅಂತ ಬರೆದ. ಇನ್ನೊಂದು ತಾಪತ್ರಯವೂ ಇತ್ತು. ಚಿಲ್ಲರೆ ಕೊಡುವಾಗ ಎರಡು ಸಿಕ್ಕಾದ ಆಣೆಗಳು ಗಲ್ಲಾಪೆಟ್ಟಿಗೆಯಲ್ಲಿ ಕಲಸಿಹೋಗುತ್ತಿದ್ದವು. ಅದಕ್ಕೆ ಅವನು ಹಾಲಿ ಪೆಟ್ರೋಲನ್ನು ಮೊದಲಿನ ಹಾಗೆ ಬಾಟಲಿಯ ಲೆಕ್ಕದಲ್ಲಿ ಕೊಟ್ಟರೂ, ಕಲ್ದಾರನ್ನು ಮಾತ್ರ ತುಂಬಿದ ಡಬ್ಬಾ ಒಯ್ಯುವವರಿಗೆ ಕೊಡುತ್ತಿದ್ದ.

ಅಮರಗುಂಡಪ್ಪ ಬಾಟಲಿಯ ಗಿರಾಕಿ. ಒಂದು ದಿನ 'ಕ' ನೋಡಿ ಅದೇನು ಅಂತ ಕೇಳಿದ. ಸಾಹುಕಾರ ಬೇರೆ ಯಾವುದೋ ಲೆಕ್ಕದಲ್ಲಿದ್ದ. ತಲೆಯೆತ್ತದೆ, ಅದು ಕಲ್ದಾರ್ ಪೆಟ್ರೋಲು, ಇಂಜಿನಿಯರ್ ಸಾಹೇಬರು ಒಯ್ಯುವಂಥದ್ದು, ನಿನಗೆ ದುಬಾರಿ ಆಗುತ್ತದೆ ಅಂದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಮರಗುಂಡಪ್ಪನ ತಲೆಯಲ್ಲಿ ಅದು ಬೇರೆಯಾಗಿ ಇಳಿಯಿತು. ಇಂಜಿನಿಯರುಗಳು ಹಾಕುವ ಪೆಟ್ರೋಲು, ಒಳ್ಳೆಯ ರೂಪಾಯಿಯನ್ನೇ ಕೇಳುವ ಪೆಟ್ರೋಲು! ಅದು ತನ್ನ ಮೋಟಾರಿನ ಹೊಟ್ಟೆಗೆ ಬಿದ್ದಿದ್ದರೆ ಏರು ಎಂದೋ ಹತ್ತುತ್ತಿತ್ತಲ್ಲ ಅಂತ ಹಳಹಳಿಸುತ್ತ ನೇರವಾಗಿ ಕರಿಬಸಯ್ಯನ ಹತ್ತಿರ ಹೋದ.

ಕರಿಬಸಯ್ಯ ತಹಸೀಲು ಕಚೇರಿಯಲ್ಲಿ ಮುನ್ಷಿಯಾಗಿದ್ದು, ನೌಕರಿ ಮುಗಿಸಿ ಮನೆಗೆ ಬಂದವರು. ಉರ್ದು, ಫಾರ್ಸಿ ಬಲ್ಲವರು. ಕಚೇರಿಯ ಭಾಷೆ ಬದಲಾದ ಮೇಲೆ ಅವರ ಹತ್ತಿರ ಅರ್ಜಿ ಬರೆಸುವವರು ಬರುವುದು ನಿಂತಿತ್ತು. ಯಾರಾದರೂ ಒಂದು ಶಬ್ದದ ಅರ್ಥ ಕೇಳಿದರೆ ಹಬ್ಬವಾದಷ್ಟು ಖುಷಿಪಡುತ್ತಿದ್ದರು. ಅಂಥವರ ಮುಂದೆ ಹೋಗಿ ಕಲ್ದಾರ್ ಅಂದರೆ ಏನು ಅಂತ ಕೇಳಿದರೆ ಬಿಟ್ಟಾರೆಯೇ.

"ಕಲ್ ಅಂದ್ರ ಯಂತ್ರ" ಅಂದರು ಕರಿಬಸಯ್ಯ. "ಕಲ್ದಾರ್ ಅಂದ್ರ ಯಂತ್ರಕ್ಕ ಸಂಬಂಧಪಟ್ಟಿದ್ದು. ಹೆಸರಿನಾಗ ಐತಲ್ಲೋ. ಯಂತ್ರದ ಪೆಟ್ರೋಲ್ ಬಿಟ್ಟು ಇಷ್ಟು ದಿನ ನೀ ಏನ್ ಹಾಕಾಕತ್ತಿದ್ದಿ?"

ಶಬ್ದದ ಅರ್ಥ ಸರಿಯಾಗಿಯೇ ಇತ್ತು. ಯಂತ್ರದಲ್ಲಿ ಅಚ್ಚು ಹಾಕಿದ ರೂಪಾಯಿ ಅಂತ ಅದಕ್ಕೆ ಆ ಹೆಸರು. ಆದರೆ ಇವನು ಕೇಳಿದ್ದು ಪೆಟ್ರೋಲಿನ ವಿಷಯ, ಅವರು ಹೇಳಿದ್ದೂ ಪೆಟ್ರೋಲಿನ ವಿಷಯವೇ ಆಗಿಹೋಯಿತು. ವಿದ್ವಾಂಸರ ಬಾಯಿಂದ ಬಂದ ಮೇಲೆ ಊರಿಗೆ ಹಬ್ಬಲು ಎಷ್ಟು ಹೊತ್ತು ಬೇಕು. ಸಂಜೆಯೊಳಗೆ ಚಹಾದ ಅಂಗಡಿಯಲ್ಲಿ ಹಾಲಿ ಪೆಟ್ರೋಲಿನ ಮಾನ ಹೋಯಿತು. ಹೆಸರೇ ಹಾಲಿ, ಹಾಲಿಗೆ ನೀರು ಬೆರೆಸದೆ ಬಿಡುತ್ತಾರೆಯೇ ಅಂತ ಒಬ್ಬ ಅಂದ. ಮಕ್ತುಮ್‌ಸಾಬ್ ಮಾತ್ರ ಪೆಟ್ರೋಲ್ ಅಂದರೆ ಪೆಟ್ರೋಲ್, ಎರಡಕ್ಕೂ ಬೆಂಕಿ ಹಚ್ಚಿದರೆ ಒಂದೇ ಥರ ಉರಿಯುತ್ತದೆ ಅಂತ ಹೇಳಿ ನೋಡಿದ. ನಿನ್ನದು ಹೊಸ ಮೋಟಾರು, ಮಜ್ಜಿಗೆ ಹೊಯ್ದರೂ ಓಡುತ್ತದೆ, ನೀನು ಸುಮ್ಮನಿರು ಅಂತ ಅವನ ಬಾಯಿ ಮುಚ್ಚಿಸಿದರು.

ಅಮರಗುಂಡಪ್ಪ ಬಟ್ಟಾ ಕೊಟ್ಟು ಕಲ್ದಾರ್ ರೂಪಾಯಿ ಹೊಂದಿಸಿಕೊಂಡು, ಮೊದಲ ಡಬ್ಬಾ ಒಯ್ದು, ಸೀಟು ಎತ್ತಿ, ಟಾಕಿ ತುಂಬ ಸುರಿದ. ಒಂದು ಹನಿ ಹೊರಗೆ ಬೀಳಲಿಲ್ಲ. ಹೊರಟ. ಹಳ್ಳ ದಾಟಿದ. ಏರು ಬಂತು. ಹಿಂದೆ ಕೂತಿದ್ದ ಬಳೆಗಾರ್ತಿ ಪೀರ್‌ಬೀ ರೂಢಿಯಂತೆ ಇಳಿಯಲು ಸೆರಗು ಸರಿಮಾಡಿಕೊಂಡಳು. ಮೋಟಾರು ಕೆಮ್ಮಲಿಲ್ಲ. ಮುಲುಗುತ್ತ, ಅಲುಗುತ್ತ, ಎಲ್ಲರನ್ನೂ ಹೊತ್ತುಕೊಂಡು ಬೇವಿನ ಮರ ಮುಟ್ಟಿತು. ಅಮರಗುಂಡಪ್ಪ ಅಲ್ಲಿ ಮೋಟಾರು ನಿಲ್ಲಿಸಿ, ಕೆಳಗಿಳಿದು, ಏರನ್ನು ಒಮ್ಮೆ ತಿರುಗಿ ನೋಡಿದ. ಕಣ್ಣಲ್ಲಿ ನೀರು ಬಂದಿತ್ತು. ಹೊಗೆ ಹೋಯಿತು ಅಂತ ಪೀರ್‌ಬೀಗೆ ಹೇಳಿದ.

ಆ ಸಂಜೆ ಓಡಿಬಂದು ಹೆಂಡತಿಗೆ ಸುದ್ದಿ ಹೇಳಿದ. ಶೇಖರಮ್ಮನಿಗೂ ಒಳಗೆ ಹಿಗ್ಗಾಯಿತು, ಸುಳ್ಳಲ್ಲ. ಆದರೆ ಒಂದು ಸಲ ಹತ್ತಿದ್ದು ಹತ್ತಿದ್ದಲ್ಲ, ಇನ್ನಷ್ಟು ದಿನ ನೋಡೋಣ ಅಂದಳು. ನೋಡಿದರು. ಡಬ್ಬಾ ಸುರಿದ ದಿನ ಮೋಟಾರು ಏರು ಹತ್ತುತ್ತಿತ್ತು. ಮರುದಿನ ಟಾಕಿಯಲ್ಲಿ ಉಳಿದದ್ದರ ಮೇಲೆ ಹೊರಟರೆ ನಿಲ್ಲುತ್ತಿತ್ತು. ಬುದ್ಧಿ ಇದ್ದವನು ಇದರಿಂದ ಏನಾದರೂ ಕಲಿಯಬಹುದಿತ್ತು. ಅಮರಗುಂಡಪ್ಪ ಕಲಿತದ್ದು ಏನೆಂದರೆ, ಟಾಕಿಯ ತಳದಲ್ಲಿ ಹಳೆಯ ಹಾಲಿ ಪೆಟ್ರೋಲಿನ ಗಷ್ಟು ಕೂತಿದೆ, ಮೇಲಿನ ಕಲ್ದಾರು ತೀರಿದ ಮೇಲೆ ಅದು ಮೇಲೆದ್ದು ಬರುತ್ತದೆ ಅಂತ. ಟಾಕಿ ಬಿಚ್ಚಿ ಮೂರು ಸಲ ತೊಳೆದ.

ಬಾಡಿಗೆ ಹೆಚ್ಚಿಸಲು ಆಗುತ್ತಿರಲಿಲ್ಲ. ಹೆಚ್ಚಿಸಿದರೆ ಜನ ಮಕ್ತುಮ್‌ಸಾಬನ ಕಡೆ ಹೋಗುತ್ತಿದ್ದರು. ಬಟ್ಟಾದ ಹೊರೆಯೆಲ್ಲ ಇವನ ಮೇಲೆಯೇ ಬಿತ್ತು. ಮಸ್ಕಿಯಲ್ಲಿ ಮೋಟಾರು ನಿಂತಾಗ ಎಲ್ಲರೂ ಮಿರ್ಚಿ ತಿಂದು ಚಹಾ ಕುಡಿಯುತ್ತಿದ್ದರೆ ಇವನು ಬಾನೆಟ್ಟು ತೆಗೆದು ಸುಮ್ಮನೆ ಒಳಗೆ ನೋಡುತ್ತ ನಿಲ್ಲುತ್ತಿದ್ದ. ಹಬ್ಬಕ್ಕೆ ಹೊಸ ಅಂಗಿ ಹೊಲಿಸಲಿಲ್ಲ. ಈ ಮಿರ್ಚಿಯ ಸುದ್ದಿಯನ್ನು ಪೀರ್‌ಬೀ ಬಳೆ ತೊಡಿಸುವಾಗ ಶೇಖರಮ್ಮನ ಕಿವಿಗೆ ಹಾಕಿದಳು. ಶೇಖರಮ್ಮ ಮರುದಿನದಿಂದ ಗಂಡನ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚು ಕಟ್ಟಿದಳು.

ಹೀಗೆ ಒಂದೂವರೆ ವರ್ಷ ಕಳೆಯಿತು. ಲಿಂಗಸುಗೂರಿನಲ್ಲಿ ಶೇಖರಮ್ಮನ ತಂಗಿಗೆ ಗಂಡುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಅಮರಗುಂಡಪ್ಪ ಧೈರ್ಯ ಮಾಡಿ, ಈ ಸಲ ನಮ್ಮ ಮೋಟಾರಿನಲ್ಲೇ ಹೋಗೋಣ, ಹೊರಡುವ ಮುಂಜಾನೆಯೇ ತಾಜಾ ಕಲ್ದಾರ್ ತುಂಬಿಸುತ್ತೇನೆ, ಏರು ಹತ್ತೇ ಹತ್ತುತ್ತದೆ ಅಂದ. ಶೇಖರಮ್ಮ ಕಡಗೋಲು ತಿರುವುವುದನ್ನು ನಿಲ್ಲಿಸಿದಳು.

"ಆಗ್ಲಿ, ಬರ್ತೀನ್ರಿ" ಅಂದಳು. "ಆದ್ರ ಅಲ್ಲಿ ನನ್ನ ಮತ್ತ ಇಳಿಸಿದ್ರಿ ಅಂದ್ರ, ಇನ್ನ ಸಾಯೂ ತನಕ ನಿಮ್ಮ ಬಾಜೂಕ ಕುಂದ್ರಂಗಿಲ್ಲ. ಇದು ಚಾಷ್ಟಿ ಅಲ್ಲ."

ಅವಳು ಹೇಳಿದರೆ ಹೇಳಿದ ಹಾಗೆ. ಅದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಹೊರಡುವ ದಿನ ಅಮರಗುಂಡಪ್ಪ ಮುಂಜಾನೆ ಎದ್ದು, ಮೈ ತೊಳೆದು, ವಿಭೂತಿ ಹಚ್ಚಿಕೊಂಡು, ಮೋಟಾರು ತಗೊಂಡು ಸಾಹುಕಾರನ ಅಂಗಡಿಗೆ ಹೋದ. ಅಲ್ಲಿ ದೊಡ್ಡಬಸಪ್ಪ ಒದ್ದೆ ಬಟ್ಟೆ ಹಿಡಿದು ಪೀಪಾಯಿಗಳ ಮೇಲಿನ 'ಹ'ಗಳನ್ನು ಒರೆಸಿ, ಒಂದೊಂದರ ಮೇಲೂ 'ಕ' ಬರೆಯುತ್ತಿದ್ದ. ಸರ್ಕಾರದ ಲೆಕ್ಕಪತ್ರವೆಲ್ಲ ಕಲ್ದಾರಿಗೆ ತಿರುಗಿತೆಂದೂ ಹಾಲಿ ಸಿಕ್ಕಾ ಇನ್ನು ಹೆಚ್ಚು ದಿನ ಬಾಳುವುದಿಲ್ಲವೆಂದೂ ಅವನಿಗೆ ರಾಯಚೂರಿನಿಂದ ಸುದ್ದಿ ಬಂದಿತ್ತು. ಸಾಹುಕಾರ ಮುಂದಾಲೋಚನೆಯ ಮನುಷ್ಯ. ಇನ್ನು ಹಾಲಿ ಮುಟ್ಟುವುದಿಲ್ಲ ಅಂತ ಅವತ್ತೇ ನಿಶ್ಚಯ ಮಾಡಿಬಿಟ್ಟಿದ್ದ.

"ಸಾವ್ಕಾರ್ರ, ಅದು ಹಾಲಿ ಪೀಪಾಯಿ ಅಲ್ಲೇನ್ರಿ?" ಅಂದ ಅಮರಗುಂಡಪ್ಪ.

"ನಿನ್ನಿ ತನಕ ಹಾಲಿ, ಇವತ್ತಿಂದ ಕಲ್ದಾರ್."

"ಮತ್ತ ಒಳಗಿನ ಪೆಟ್ರೋಲ್?"

"ಒಳಗಿನ ಪೆಟ್ರೋಲಿಗೆ ಏನಾಗೈತಿ? ಪೆಟ್ರೋಲ್ ಒಂದ ಐತಿ, ರೊಕ್ಕ ಬ್ಯಾರೆ ಇದ್ದೂ."

ಹಾಗಾದರೆ ಇಷ್ಟು ದಿನ ತಾನು ಹೆಚ್ಚಿಗೆ ಕೊಟ್ಟದ್ದು ಯಾತಕ್ಕೆ ಅಂತ ಅಮರಗುಂಡಪ್ಪ ಕೇಳಿದ. ಹರಿಗೋಲಿನವನಿಗೆ, ಗಾಡಿಯವನಿಗೆ, ಹಮಾಲರಿಗೆ, ಮತ್ತೆ ಯಾತಕ್ಕೆ ಅಂತ ಸಾಹುಕಾರ ಹೇಳಿದ. ಅವನ ಮುಖದಲ್ಲಿ ಕಪಟವಿರಲಿಲ್ಲ. ಯಾರಾದರೂ ಪೆಟ್ರೋಲಿಗೂ ಜಾತಿ ಉಂಟೆಂದು ನಂಬಿಯಾರು ಅಂತ ಅವನಿಗೆ ಹೊಳೆದೇ ಇರಲಿಲ್ಲ. ಚಹಾದ ಅಂಗಡಿಗೆ ಹೋಗಿ ಕೂಡುವಷ್ಟು ಬಿಡುವು ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಅಮರಗುಂಡಪ್ಪನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ತಿನ್ನದ ಮಿರ್ಚಿಗಳೆಲ್ಲ ಒಟ್ಟಿಗೆ ನೆನಪಾದವು. ಸಿಟ್ಟಿನಲ್ಲಿ, ಡಬ್ಬಾ ಬೇಡ, ಲಿಂಗಸುಗೂರು ಮುಟ್ಟುವಷ್ಟು ಬಾಟಲಿ ಲೆಕ್ಕದಲ್ಲಿ ಹಾಕಿ ಅಂದ. ಈಗ ಎಲ್ಲವೂ ಒಂದೇ ಸಿಕ್ಕಾ ಆದ್ದರಿಂದ ಸಾಹುಕಾರ ತಕರಾರು ಮಾಡದೆ ಬಾಟಲಿ ಅಳೆದು ಹಾಕಿದ.

ಮನೆಯ ಮುಂದೆ ಬಂದರೆ ಶೇಖರಮ್ಮ ಹೊರಟು ನಿಂತಿದ್ದಳು. ಕೈಯಲ್ಲಿ ಕೂಸಿನ ಕುಲಾವಿ, ಉಂಡಿಯ ಬುಟ್ಟಿ. ಬಂದು ಅವನ ಪಕ್ಕದಲ್ಲಿ ಮುಂದಿನ ಸೀಟಿನ ಮೇಲೆ ಕೂತಳು. ಪೆಟ್ರೋಲು ತುಂಬಿಸಿದಿರಾ ಅಂತ ಕೇಳಿದಳು. ಅಮರಗುಂಡಪ್ಪ ಹೂಂ ಅಂದ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಹಿಂದೆ ಪೀರ್‌ಬೀ ಮತ್ತು ಉಳಿದವರು ತುಂಬಿಕೊಂಡರು. ದಾರಿಯುದ್ದಕ್ಕೂ ಶೇಖರಮ್ಮ ಅದು ಯಾರ ಹೊಲ, ಇದು ಯಾವ ಊರು ಅಂತ ಕೇಳುತ್ತಲೇ ಇದ್ದಳು. ಮಕ್ತುಮ್‌ಸಾಬನ ಮೋಟಾರಿನಲ್ಲಿ ಹಿಂದೆ ಹೆಂಗಸರ ನಡುವೆ ಮುದುಡಿ ಕೂತು ಹೋಗುವವಳಿಗೆ ಇದೆಲ್ಲ ಕಂಡಿರಲಿಲ್ಲ. ಅವಳು ಅಷ್ಟು ಸಂತೋಷದಲ್ಲಿ ಮಾತಾಡಿದ್ದನ್ನು ಅವನು ಕೇಳಿ ವರ್ಷಗಳಾಗಿದ್ದವು. ಅವನಿಗೆ ಒಂದೂ ಕಿವಿಗೆ ಹೋಗಲಿಲ್ಲ. ಏರಿನಲ್ಲಿ ಆಗುವುದು ಆಗಿಹೋಗುತ್ತದೆ, ನಾಳೆಯಿಂದ ಈ ಸೀಟು ಖಾಲಿ ಅಂತ ಒಂದೇ ಯೋಚನೆಯಾಗಿತ್ತು.

ಮಸ್ಕಿ ಬಂತು, ಹಳ್ಳ ದಾಟಿತು. ಏರಿನ ಅರ್ಧಕ್ಕೆ ಮೋಟಾರು ಕೆಮ್ಮಿ ನಿಂತಿತು.

ರೂಢಿ ಬಿದ್ದ ಜನ, ತಾವಾಗಿಯೇ ಇಳಿದರು. ಪೀರ್‌ಬೀ ಬಳೆಗಳ ಮಲಾರ ಹೆಗಲಿಗೇರಿಸಿ ಬೇವಿನ ಮರದ ಕಡೆ ನಡೆದಳು. ಇವತ್ತು ಗಂಡ ಹೆಂಡತಿಯ ನಡುವೆ ನಿಲ್ಲುವುದು ಸರಿಯಲ್ಲ ಅಂತ ಉಳಿದವರನ್ನೂ ದೂಡಲು ಬಿಡದೆ ಕರಕೊಂಡು ಹೋದಳು. ಮೋಟಾರಿನಲ್ಲಿ ಇಬ್ಬರೇ ಉಳಿದರು. ಶೇಖರಮ್ಮ ಬಾಗಿಲಿನ ಮೇಲೆ ಕೈಯಿಟ್ಟು ಅವನ ಮುಖ ನೋಡಿದಳು. ಅವಳ ಮುಖ ಸಣ್ಣದಾಗಿತ್ತು. ಅವನು ಬಾಯಿ ತೆರೆದರೆ ಏನು ಅನ್ನುತ್ತಾನೆ ಅಂತ ಅವಳಿಗೆ ಗೊತ್ತಿದೆ ಅನ್ನುವ ಹಾಗೆ ನೋಡಿದಳು.

ಅಮರಗುಂಡಪ್ಪನಿಗೆ ಆಗ ಆ ಪಂಚಮಿಯ ದಿನ ತಾನು ಅವಳ ಕಡೆ ತಿರುಗಿಯೂ ನೋಡಿರಲಿಲ್ಲ ಎಂಬುದು ನೆನಪಾಯಿತು. ಮೋಟಾರು ಏರು ಹತ್ತದೇ ಹೋದದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ. ಇಷ್ಟು ತಿಳಿಯಲು ಅವನಿಗೆ ಎಷ್ಟು ಡಬ್ಬಾ ಪೆಟ್ರೋಲು ಬೇಕಾಯಿತೋ ನೋಡಿ.

"ನೀ ಕುಂದ್ರು" ಅಂದ. "ಇಳೀಬ್ಯಾಡ. ಹತ್ತಲಿಲ್ಲಂದ್ರ ಇಬ್ರೂ ತಿರುಗಿ ಮನಿಗೆ ಹೋಗೂಣು. ಮೋಟಾರ್ ಸರ್ವಿಸ್ ಇವತ್ತಿಗೆ ಮುಗೀತು ಅಂದ್ರೂ ಚಿಂತಿಲ್ಲ, ನಿನ್ನ ಮಾತ್ರ ಇಳಿ ಅನ್ನಂಗಿಲ್ಲ."

ಶೇಖರಮ್ಮ ಬಾಗಿಲಿನಿಂದ ಕೈ ತೆಗೆದು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು.

ಅವನು ಬ್ರೇಕು ಹಿಡಿದು ಬಿಡುತ್ತ ಮೋಟಾರನ್ನು ಹಿಂದಕ್ಕೆ ಹಳ್ಳದ ತನಕ ಇಳಿಸಿ, ಊರ ಕಡೆ ಮುಖ ತಿರುಗಿಸಿ, ಕೆಳಗಿಳಿದು ಹ್ಯಾಂಡಲ್ ಹೊಡೆದ. ಒಂದೇ ಏಟಿಗೆ ಹೊತ್ತಿಕೊಂಡಿತು. ಅವನಿಗೆ ಆಸೆ ಹುಟ್ಟಿತು. ಮತ್ತೆ ತಿರುಗಿಸಿ ಏರಿಗೆ ಬಿಟ್ಟ. ಅದೇ ಜಾಗ, ಅದೇ ಕೆಮ್ಮು. ಮತ್ತೆ ಕೆಳಗೆ ಬಂದು ಊರ ಕಡೆ ಮುಖ ಮಾಡಿದರೆ ಮೋಟಾರು ಏನೂ ಆಗದವರ ಹಾಗೆ ಹೊತ್ತಿಕೊಂಡಿತು. ಅಮರಗುಂಡಪ್ಪ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತ. ಆಗ ಶೇಖರಮ್ಮ ಸೀಟನ್ನು ಕೈಯಿಂದ ತಟ್ಟಿ, ಇದರ ಕೆಳಗೆ ಇರುವುದೇನು ಅಂತ ಕೇಳಿದಳು. ಪೆಟ್ರೋಲಿನ ಟಾಕಿ ಅಂದ.

"ಏರಿಗೆ ಬಂದಾಗ ಅದು ನನ್ನ ಕೆಳಗಿಂದ ಗುಳುಗುಳು ಅಂತ ಹಿಂದಕ್ಕ ಹೋಗತೈತ್ರಿ. ಎರಡೂ ಸಲ ಕೇಳೀನಿ. ಅರ್ಧ ಕೊಡ ಹಿಂದಕ್ಕ ವಾಲಿಸಿದ್ರ ನೀರು ಬಾಯಿಗೆ ಬರ್ತೈತೇನು?"

ಅಮರಗುಂಡಪ್ಪ ತಲೆಯೆತ್ತಿದ. ಇಷ್ಟು ವರ್ಷ ಆ ಸಪ್ಪಳವನ್ನು ಯಾರೂ ಕೇಳಿರಲಿಲ್ಲ. ಅವನ ಕಿವಿಯಲ್ಲಿ ಇಂಜಿನ್ನಿನ ಕೆಮ್ಮು. ಟಾಕಿಯ ಮೇಲೆ ಕೂತವರಿಗೆ ಮೋಟಾರು ನಿಲ್ಲುವ ಮೊದಲೇ ಇಳಿಯುವ ಅವಸರ. ಕೂತೇ ಇದ್ದವಳು ಇವಳೊಬ್ಬಳು. ಟಾಕಿ ತುಂಬಿದ್ದರೆ ಏರಿನಲ್ಲೂ ಪೆಟ್ರೋಲು ಇಂಜಿನ್ನಿಗೆ ಇಳಿಯುತ್ತದೆ, ಅರ್ಧಕ್ಕೆ ಬಂದಿದ್ದರೆ ಹಿಂದಕ್ಕೆ ಸರಿದು ಇಂಜಿನ್ನು ಬಾಯಾರಿ ಸಾಯುತ್ತದೆ. ಡಬ್ಬಾ ಸುರಿದ ದಿನ ಮೋಟಾರು ಹತ್ತಿದ್ದು ಕಲ್ದಾರಿನ ಮಹಿಮೆಯಿಂದಲ್ಲ, ಡಬ್ಬಾದ ಮಹಿಮೆಯಿಂದ. ಹಾಲಿಯನ್ನೇ ಟಾಕಿ ತುಂಬ ಹಾಕಿದ್ದರೂ ಹತ್ತುತ್ತಿತ್ತು.

ಈಗ ತುಂಬಿಸಲು ಪೆಟ್ರೋಲು ಇರಲಿಲ್ಲ. ಆದರೆ ಮೋಟಾರಿನ ಮೂತಿ ಇಳಿಜಾರಿನ ಕಡೆಗಿದ್ದರೆ ಪೆಟ್ರೋಲು ಮುಂದಕ್ಕೆ ಸರಿದು ಇದ್ದಷ್ಟೇ ಸಾಕಾಗುತ್ತಿತ್ತು. ಅವನು ಸ್ವಲ್ಪ ಹೊತ್ತು ಏರನ್ನು ನೋಡಿದ, ಹೆಂಡತಿಯನ್ನು ನೋಡಿದ, ಗಟ್ಟಿಯಾಗಿ ಹಿಡಕೋ ಅಂದ. ರಿವರ್ಸ್ ಗೇರು ಹಾಕಿದ.

ಮೋಟಾರು ಹಿಂದಕ್ಕೆ ಹಿಂದಕ್ಕೆ ಏರು ಹತ್ತತೊಡಗಿತು. ಅವನು ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದ. ಶೇಖರಮ್ಮ ನೆಟ್ಟಗೆ ಮುಂದೆ ನೋಡುತ್ತಿದ್ದಳು, ಅಂದರೆ ಸಿಂಧನೂರಿನ ಕಡೆ. ತವರಿಗೆ ಹೊರಟವಳು ಗಂಡನ ಊರಿಗೆ ಮುಖ ಮಾಡಿ ಹೋಗುವುದನ್ನು ಹೊಲದಲ್ಲಿದ್ದ ಹೆಂಗಸರು ಕೆಲಸ ಬಿಟ್ಟು ನೋಡಿದರು. ಅವಳು ಅವರ ಕಡೆ ಕೈ ಬೀಸಿದಳು. ಮೋಟಾರು ಒಮ್ಮೆಯೂ ಕೆಮ್ಮಲಿಲ್ಲ. ಬೇವಿನ ಮರದ ಹತ್ತಿರ ಬಂದು ನಿಂತಿತು. ಮರದ ಕೆಳಗಿನವರು ಬಾಯಿ ತೆರೆದುಕೊಂಡು ನಿಂತಿದ್ದರು. ಪೀರ್‌ಬೀ ಮಾತ್ರ ಮಲಾರ ಎತ್ತಿಕೊಂಡು ಹತ್ತಲು ಬಂದಳು.

ಅವಳು ಬರುವ ಮೊದಲೇ ಅಮರಗುಂಡಪ್ಪ ತಡೆಯಲಾಗದೆ ಹೆಂಡತಿಗೆ ಎಲ್ಲ ಹೇಳಿಬಿಟ್ಟ. ಕಲ್ದಾರ್ ಪೆಟ್ರೋಲು ಅಂತ ಒಂದು ಇರಲೇ ಇಲ್ಲ, ಅದು ರೂಪಾಯಿಯ ಹೆಸರು, ಒಂದೂವರೆ ವರ್ಷ ಮನೆಯ ರೊಕ್ಕವನ್ನು ಹೊಳೆಗೆ ಸುರಿದೆ, ತನ್ನಂಥ ಮಬ್ಬ ಮೂರು ತಾಲೂಕಿನಲ್ಲಿಲ್ಲ ಅಂದ. ಶೇಖರಮ್ಮ ಕುಲಾವಿಯ ದಾರ ಸರಿಮಾಡುತ್ತ ಕೇಳಿಸಿಕೊಂಡಳು.

"ನಾ ನಿಮ್ಮ ಬಾಜೂಕ ಕುಂದ್ರಲಿ ಅಂತ ಸುರದ್ರಿ ಹೌದಿಲ್ರಿ?" ಅಂದಳು. "ಕುಂತೀನಲ್ಲ. ಮತ್ತ ಹಾಳಾತು ಅಂತ ಯಾಕ ಅಳ್ತೀರಿ?"

ಅಮರಗುಂಡಪ್ಪನಿಗೆ ಕಣ್ಣು ಮಂಜಾಯಿತು. ಕೈಗೆ ಸಿಕ್ಕಿದ ಗೇರು ಹಾಕಿದ. ಸಿಕ್ಕಿದ್ದು ಮುಂದಿನ ಗೇರು. ಮೋಟಾರಿನ ಮುಖ ಇನ್ನೂ ಸಿಂಧನೂರಿನ ಕಡೆಗೇ ಇತ್ತು. ಪೀರ್‌ಬೀ ಮೆಟ್ಟಿಲಿಗೆ ಕಾಲು ಎತ್ತಿದಳು, ಅಲ್ಲಿ ಮೆಟ್ಟಿಲಿರಲಿಲ್ಲ. ಮೋಟಾರು ಗಂಡ ಹೆಂಡತಿಯನ್ನು ಹೊತ್ತುಕೊಂಡು ಹುಮ್ಮಸ್ಸಿನಿಂದ ಏರು ಇಳಿದು ಹೋಗುತ್ತಿತ್ತು. ಮೇಲಿನವರು ಕೂಗಿಕೊಂಡರು. ಹಳ್ಳದ ನೀರು ಕಂಡ ಮೇಲೆಯೇ ಅವನಿಗೆ ಎಚ್ಚರವಾಗಿ ಬ್ರೇಕು ಹಾಕಿದ್ದು. ಶೇಖರಮ್ಮ ಬುಟ್ಟಿಯ ಮೇಲೆ ಬಗ್ಗಿ, ಉಸಿರು ಹಿಡಿಯಲಾರದಷ್ಟು ನಗುತ್ತಿದ್ದಳು. ನಗು ನಿಂತ ಮೇಲೆ ಏರನ್ನು ಮತ್ತೊಮ್ಮೆ ಹಿಂದಕ್ಕೆ ಹತ್ತಬೇಕಾಯಿತು. ಆಗಲೂ ಅವಳು ಇಳಿಯಲಿಲ್ಲ.